ಐನೂರು ಪಾಯಿಂಟಿನ ನಂಬಿಕಸ್ಥರು

ಬರೆಯುವವರು ನಾಲ್ಕು ಜನ ಒಂದೆಡೆ ಸೇರಿದರೆ ನಗೆಪಾಟಲಿಗೆ ಬೇರೆ ಸಾಮಾನೇ ಬೇಡ. ಅದರಲ್ಲೂ ಒಬ್ಬರಿಗೊಬ್ಬರು ನಂಬಿಕೆಯ ಅಂಕ ಹಾಕಿಕೊಳ್ಳುವ ಏರ್ಪಾಡಿದ್ದರಂತೂ ವಾರಕ್ಕೊಂದು ಪ್ರಸಂಗ ಗ್ಯಾರಂಟಿ.

ತಿಪಟೂರಿನಲ್ಲಿ ಗಂಟೆ ಲೆಕ್ಕದಲ್ಲಿ ಇಂಟರ್‌ನೆಟ್ ನೋಡುತ್ತಿದ್ದ ಕಾಲ. ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಬಸ್‌ಸ್ಟ್ಯಾಂಡ್ ಹಿಂದಿನ ಸೈಬರ್ ಸೆಂಟರಿನಲ್ಲಿ ಕೂತು, ಲೇಖನಕ್ಕೆ ದುಡ್ಡು ಕೊಡುವ ಒಂದು ಇಂಗ್ಲಿಷ್ ವೆಬ್‌ಸೈಟಿಗೆ ಬರೆಯುತ್ತಿದ್ದೆ. ಉಳಿದ ಸದಸ್ಯರು ಮೆಚ್ಚಿ ಪಾಯಿಂಟ್ ಕೊಡಬೇಕು, ಮೆಚ್ಚದಿದ್ದರೆ ಕಳೆಯಲೂಬಹುದು. ಐನೂರಾದರೆ ಹೆಸರಿನ ಪಕ್ಕ ‘ನಂಬಿಕಸ್ಥ ಸದಸ್ಯ’ ಎಂಬ ಹಸಿರು ಗುರುತು ಬೀಳುತ್ತದೆ. ಅದಿಲ್ಲದೆ ಚೆಕ್ ಇಲ್ಲ. ಆ ಗುರುತು ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡು ಒಂದೂವರೆ ವರ್ಷವಾಗಿತ್ತು. ಚೆಕ್ ಹಾಳಾಗಲಿ, ನನ್ನ ಮಾನ ಆ ಗುರುತಿನ ಕೈಯಲ್ಲಿತ್ತು.

೧. ಕೊಬ್ಬರಿ ಪಂಡಿತ

ಮೊದಲ ಲೇಖನ ನಮ್ಮ ಕೊಬ್ಬರಿಯ ಮೇಲೆಯೇ ಬರೆದೆ. ಕಾಯಿಯನ್ನು ಸುಲಿಯದೆ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುತ್ತೇವೆ, ಒಳಗೇ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ ಎಂದು. ಎಂಟು ಸಾವಿರ ಪಾಯಿಂಟಿನ ಸದಸ್ಯನೊಬ್ಬ, ‘ಮಾಹಿತಿ ನಂಬಲರ್ಹವಲ್ಲ. ತೆಂಗಿನಕಾಯಿ ಓವನ್ನಿನಲ್ಲಿ ಒಂದೇ ದಿನಕ್ಕೆ ಒಣಗುತ್ತದೆ’ ಎಂದು ಬರೆದು ನನ್ನ ಇಪ್ಪತ್ತು ಪಾಯಿಂಟ್ ಕಿತ್ತುಕೊಂಡ. ನನಗೆ ಮೈಯೆಲ್ಲ ಉರಿಯಿತು. ನಾನು ಹುಟ್ಟಿದ್ದೇ ಅಂಥ ಅಟ್ಟದ ಕೆಳಗೆ! ಆ ಪುಣ್ಯಾತ್ಮ ಅದೇ ವಾರ ಹಿಮಪಾತದಲ್ಲಿ ಪಾರಾಗುವುದು ಹೇಗೆ, ಅವಳಿ ಮಕ್ಕಳನ್ನು ಸಾಕುವುದು ಹೇಗೆ, ಒಂಟೆ ಕೊಳ್ಳುವಾಗ ಏನೇನು ನೋಡಬೇಕು ಎಂದು ಮೂರು ಲೇಖನ ಬರೆದಿದ್ದ. ‘ಸ್ವಾಮಿ, ತಾವು ತೆಂಗಿನಮರ ನೋಡಿದ್ದೀರಾ?’ ಎಂದು ಕೇಳಿದೆ.

ಉತ್ತರ ಬಂತು: ‘ಇಲ್ಲ. ತಾವು ನನ್ನ ಪಾಯಿಂಟ್ ನೋಡಿದ್ದೀರಾ?’

೨. ಏಜೆಂಟರ ಮೆಚ್ಚುಗೆ

ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಅದೇ ವೆಬ್‌ಸೈಟಿಗೆ ಬರೆಯುತ್ತಿದ್ದ ವಿಮಾ ಏಜೆಂಟರು ನನ್ನಂಥ ಪೆದ್ದರಲ್ಲ. ಅವರು ಯಾರ ಲೇಖನವನ್ನೂ ಓದುತ್ತಿರಲಿಲ್ಲ. ‘ತುಂಬಾ ಚೆನ್ನಾಗಿದೆ, ಇಂಥವು ಇನ್ನಷ್ಟು ಬರಲಿ’ ಎಂಬ ಒಂದೇ ಸಾಲನ್ನು ದಿನಕ್ಕೆ ನಲವತ್ತು ಕಡೆ ಅಂಟಿಸುತ್ತಿದ್ದರು. ಒಂದು ದಿನ ಸದಸ್ಯೆಯೊಬ್ಬರು ತಮ್ಮ ತಾಯಿ ತೀರಿಕೊಂಡದ್ದನ್ನು ಬರೆದಿದ್ದರು. ಅದರ ಕೆಳಗೂ ಇವರದು ಅದೇ ಸಾಲು.

“ಏನ್ರೀ ಇದು ಅನ್ಯಾಯ! ಅಳಿಸ್ರೀ ಮೊದ್ಲು” ಅಂದೆ.

“ಸುಮ್ಕಿರಿ ಸಾ. ಅವರಾಗ್ಲೇ ಥ್ಯಾಂಕ್ಸ್ ಹೇಳಿ ಐದು ಪಾಯಿಂಟ್ ಹಾಕವ್ರೆ” ಅಂದರು ಏಜೆಂಟರು.

ಆಯಮ್ಮನೂ ಇವರದನ್ನು ಓದಿರಲಿಲ್ಲ.

೩. ಹೆಡ್‌ಮಾಸ್ಟರ ಅಂಕಪಟ್ಟಿ

ಬಿಳಿಗೆರೆಯ ನಿವೃತ್ತ ಹೆಡ್‌ಮಾಸ್ಟರು ನಮ್ಮ ಸೈಬರ್ ಸೆಂಟರಿನ ಮೂರನೆಯ ಸದಸ್ಯರು. ಊರಿನಲ್ಲಿ ಯಾವ ಮನೆ ಭಾಗವಾದರೂ ಪಾಲುಪಟ್ಟಿಗೆ ಅವರ ಸಾಕ್ಷಿ ಬೇಕು. ಅಂಥ ಮನುಷ್ಯ. ಅವರು ಪ್ರತಿ ಲೇಖನವನ್ನೂ ಪೂರ್ತಿ ಓದಿ, ತಪ್ಪುಗಳನ್ನು ಕ್ರಮಸಂಖ್ಯೆ ಹಾಕಿ ಬರೆದು, ಹತ್ತಕ್ಕೆ ಮೂರೂವರೆ ಕೊಡುತ್ತಿದ್ದರು.

“ಎಲ್ರೂ ಹತ್ತು ಕೊಡ್ತಾರೆ ಸಾರ್, ನೀವೂ ಕೊಡಿ” ಎಂದರೆ, “ಹತ್ತು ಕೊಟ್ಬುಟ್ರೆ ಮುಂದಿನ ಸಲ ಅವನು ಓದ್ತಾನೇನ್ರೀ?” ಎನ್ನುತ್ತಿದ್ದರು.

ಹೊಡೆತ ತಿಂದವರೆಲ್ಲ ಸೇರಿ ಅವರಿಗೆ ಮೈನಸ್ ಹಾಕಿದರು. ಒಂದೇ ತಿಂಗಳಲ್ಲಿ ಅವರ ಹೆಸರಿನ ಪಕ್ಕ ಕೆಂಪು ಗುರುತು: ‘ಈ ಸದಸ್ಯರೊಡನೆ ವ್ಯವಹರಿಸುವಾಗ ಎಚ್ಚರ.’ ಹೆಡ್‌ಮಾಸ್ಟರು ಅದನ್ನು ಓದಿ, ಕನ್ನಡಕ ಒರೆಸಿ, ಮತ್ತೆ ಓದಿ ಹೇಳಿದರು: “ವಾಕ್ಯರಚನೆ ಸರಿಯಾಗೈತೆ ಕಣ್ರೀ. ಇದಕ್ಕೆ ಬೇಕಾದ್ರೆ ಆರು ಕೊಡಬಹುದು.”

೪. ಒಬ್ಬನೇ ಮನುಷ್ಯ

ಕೊನೆಗೆ ಸೈಬರ್ ಸೆಂಟರಿನ ಮಾಲೀಕನೇ ದಾರಿ ತೋರಿಸಿದ. ಅವನೂ ಅಲ್ಲಿ ಸದಸ್ಯ. “ಮದ್ವೆಮನೇಲಿ ಮುಯ್ಯಿ ಹಾಕಲ್ವಾ ಸಾ, ಹಂಗೇ. ನೀವು ನನಗ್ ಹಾಕಿ, ನಾನು ನಿಮಗ್ ಹಾಕ್ತೀನಿ.” ನಾಲ್ವರೂ ಶುರು ಮಾಡಿದೆವು. ಹೆಡ್‌ಮಾಸ್ಟರು ಮಾತ್ರ “ಪಾಸ್ ಮಾಡ್ತೀನಿ, ಫಸ್ಟ್ ಕ್ಲಾಸ್ ಕೇಳ್ಬೇಡಿ” ಎಂದರು. ನನ್ನದು ನಾನೂರ ತೊಂಬತ್ತು ಮುಟ್ಟಿತು. ಸ್ಟಾಫ್ ರೂಮಿಗೆ ಹಂಚಲು ಜಾಮೂನು ಹೇಳಿಟ್ಟೆ.

ಅಷ್ಟರಲ್ಲಿ ವೆಬ್‌ಸೈಟಿನವರ ಪತ್ರ: ‘ನಾಲ್ಕೂ ಖಾತೆಗಳು ಒಂದೇ ಜಾಗದಿಂದ ನಡೆಯುತ್ತಿವೆ. ಒಬ್ಬರೇ ನಾಲ್ಕು ಹೆಸರಿನಲ್ಲಿ ಬರೆಯುತ್ತಿರುವ ಅನುಮಾನವಿದೆ. ಪ್ರತಿಯೊಬ್ಬರೂ ಮುಖ ಸ್ಪಷ್ಟವಾಗಿ ಕಾಣುವ ಫೋಟೋ ಕಳಿಸಿ.’

ಇಷ್ಟೇ ತಾನೆ! ಒಟ್ಟಿಗೇ ಸ್ಟುಡಿಯೋಗೆ ಹೋದೆವು. ಸ್ಟುಡಿಯೋದವನು ನಮ್ಮ ಅಂಗಿಗಳನ್ನು ನೋಡಿ ಮುಖ ಸಿಂಡರಿಸಿದ. “ಫಾರಿನ್ನಿಗೆ ಹೋಗೋ ಫೋಟೋ ಅಂತೀರಿ, ಕೋಟಿಲ್ದೆ ಹೆಂಗ್ ಸಾ?” ಎಂದು ಮೊಳೆಯಿಂದ ಕರಿ ಕೋಟು, ಎಲಾಸ್ಟಿಕ್ಕಿನ ಕೆಂಪು ಟೈ ತೆಗೆದ. ಊರಿನ ಅರ್ಧಕ್ಕರ್ಧ ಮದುವೆ ಗಂಡುಗಳ ಫೋಟೋ ಆ ಕೋಟಿನಲ್ಲೇ ಆಗಿತ್ತು. ಒಬ್ಬರು ಬಿಚ್ಚಿದ್ದನ್ನು ಇನ್ನೊಬ್ಬರು ತೊಟ್ಟೆವು. ಏಜೆಂಟರಿಗೆ ಗುಂಡಿ ಕೂಡಲಿಲ್ಲ, ಉಸಿರು ಬಿಗಿಹಿಡಿದರು. ಹೆಡ್‌ಮಾಸ್ಟರಿಗೆ ದೊಗಳೆಯಾಗಿ ಬೆನ್ನಿಗೆ ಕ್ಲಿಪ್ ಹಾಕಿದ್ದಾಯಿತು. ಫ್ಲಾಶ್ ಹೊಡೆಯುತ್ತದೆಂದು ಕನ್ನಡಕ ತೆಗೆಸಿದ. ಎಲ್ಲರಿಗೂ ಒಂದೇ ಡಬ್ಬಿಯ ಪೌಡರ್, ಒಂದೇ ನೀಲಿ ಪರದೆ. ಆಮೇಲೆ ಟಚಿಂಗ್ ಮಾಡಿ ನಾಲ್ವರಿಗೂ ಒಂದೇ ಬಣ್ಣ ಕೊಟ್ಟ. ಸ್ಕ್ಯಾನ್ ಮಾಡಿ ಕಳಿಸಿ, ಇನ್ನೇನು ಹಸಿರು ಗುರುತು ಬಿತ್ತೆಂದು ಕೈಕೈ ಕುಲುಕಿದೆವು.

ಎರಡು ದಿನಕ್ಕೆ ಉತ್ತರ ಬಂತು. ಮೂವರೂ ನನ್ನ ಹೆಗಲ ಮೇಲೆ ಬಗ್ಗಿ ನಿಂತಿದ್ದರು, ನಾನು ಜೋರಾಗಿ ಓದಿದೆ: ‘ನಾಲ್ಕೂ ಖಾತೆ ಮುಚ್ಚಲಾಗಿದೆ. ಮೀಸೆ ಬದಲಾಯಿಸಿ, ಕೂದಲು ಬದಲಾಯಿಸಿ, ಮೈ ಉಬ್ಬಿಸಿ ಇಳಿಸಿ ಇಷ್ಟೆಲ್ಲ ಶ್ರಮಪಟ್ಟಿದ್ದೀರಿ. ಕೋಟನ್ನೂ ಒಂದು ಸಲ ಬದಲಾಯಿಸಬಹುದಿತ್ತು.’