ಭೂಮದೂಟಕ್ಕೆ ಬಂದ ಬಿಪಿ ಯಂತ್ರ

ನನ್ನ ನೆನಪಿನ ಶಕ್ತಿಯ ಬಗ್ಗೆ ಬೈಲಹೊಂಗಲದಲ್ಲಿ ಯಾರನ್ನು ಬೇಕಾದರೂ ಕೇಳಬಹುದಿತ್ತು. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವನು ನಾನು. ಹಳೆಯ ವಿದ್ಯಾರ್ಥಿ ಬಜಾರಿನಲ್ಲಿ ಎದುರಾದರೆ ಸಾಕು, ಅವನ ಹಾಜರಿ ನಂಬರು, ಬೀಜಗಣಿತದಲ್ಲಿ ಬಿದ್ದ ಮಾರ್ಕು, ಅಪ್ಪನ ಸಹಿಯನ್ನು ಅವನೇ ಹಾಕಿಕೊಂಡು ಬಂದ ತಿಂಗಳು, ಎಲ್ಲವನ್ನೂ ಅವನ ಹೆಂಡತಿಯ ಎದುರಿಗೇ ಹೇಳುತ್ತಿದ್ದೆ. ಹೀಗಾಗಿ ನನ್ನನ್ನು ದೂರದಿಂದ ಕಂಡರೇ ಹಳೆಯ ವಿದ್ಯಾರ್ಥಿಗಳು ಅಡ್ಡ ಓಣಿ ಹಿಡಿಯುತ್ತಿದ್ದರು. ಅದನ್ನು ನಾನು ಗೌರವ ಎಂದು ತಿಳಿದಿದ್ದೆ.

ಇಂಥ ನಾನು, ಇನ್‌ಸ್ಪೆಕ್ಷನ್ನಿಗೆ ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತ ದಿನ, ಪೈಥಾಗೊರಸ್ ಪ್ರಮೇಯದ ನಡುವೆ ನಿಂತುಬಿಟ್ಟೆ. ತ್ರಿಕೋನ ಬರೆದಿದ್ದೆ. ಮೂರೂ ಮೂಲೆಗಳಿಗೆ ಹೆಸರಿಟ್ಟಿದ್ದೆ. ಮುಂದೇನು? ಹಲಗೆಯೂ ಕಪ್ಪು, ತಲೆಯೊಳಗೂ ಕಪ್ಪು! ಕೊನೆಗೆ ಸಾಹೇಬರೇ ಎದ್ದು ಬಂದು ಪ್ರಮೇಯ ಮುಗಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಗಾಬರಿಯಲ್ಲಿ ನಾನೂ ತಟ್ಟಿದೆ.

ಸಂಜೆ ನಮ್ಮ ಓಣಿಯ ಡಾಕ್ಟರರ ಬಳಿ ಹೋದೆ. ಅವರು ನನ್ನ ರಟ್ಟೆಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಚೆನ್ನಾಗಿತ್ತು. ಇನ್‌ಸ್ಪೆಕ್ಷನ್ನಿನ ಕಥೆ ಹೇಳಿಸಿಕೊಳ್ಳುತ್ತಾ ಮತ್ತೊಮ್ಮೆ ನೋಡಿದರು. ಹುಬ್ಬೇರಿಸಿದರು.

“ಮಾಸ್ತರ್ರ, ಸುಮ್ಮ ಕುಂತಾಗ ನಿಮ್ಮ ಬಿಪಿ ಚಲೋ ಐತಿ. ಟೆನ್ಶನ್ ಆತಂದ್ರ ಜಿಗೀತೈತಿ. ಹಿಂಗ ವರ್ಷಾನುಗಟ್ಟಲೆ ಜಿಗಿಯೋರಿಗೆ ಮುಂದ ವಯಸ್ಸಾದ ಮ್ಯಾಲೆ ನೆನಪಿಗೆ ಪೆಟ್ಟ ಬೀಳಬಹುದು ಅಂತಾರ. ಖರೇ ಎಷ್ಟು, ಸುಳ್ಳ ಎಷ್ಟು ಅಂತ ಇನ್ನೂ ನೋಡಾಕ ಹತ್ಯಾರ. ನೀವೇನೂ ತಲಿ ಕೆಡಿಸ್ಕೋಬ್ಯಾಡ್ರಿ.”

ಇದರಲ್ಲಿ “ನೆನಪಿಗೆ ಪೆಟ್ಟ” ಎಂಬಲ್ಲಿಗೇ ನನ್ನ ಕಿವಿ ಮುಚ್ಚಿಹೋಗಿತ್ತು. ಉಳಿದದ್ದು ಕೇಳಿಸಲೇ ಇಲ್ಲ.

ಆ ವಾರ ಬೆಳಗಾವಿಗೆ ಹೋಗುವುದಿತ್ತು. ಮಿಕ್ಸರ್ ತರುವುದಿತ್ತು. ಓಣಿಯ ಎಲ್ಲ ಮನೆಗಳಲ್ಲೂ ಮಿಕ್ಸರ್ ಗುರ್ ಎನ್ನುತ್ತಿದ್ದ ಕಾಲದಲ್ಲಿ ನನ್ನಾಕೆ ಇನ್ನೂ ಒರಳಿನ ಮುಂದೆ ಕುಳಿತು ಚಟ್ನಿ ರುಬ್ಬುತ್ತಿದ್ದಳು. ನಾನು ಹೋದೆ, ಸಂಜೆ ಪೆಟ್ಟಿಗೆ ಹಿಡಿದುಕೊಂಡೇ ಮರಳಿದೆ. ಆಕೆ ಕೈ ಒರೆಸಿಕೊಂಡು ಓಡಿ ಬಂದಳು. ಪೆಟ್ಟಿಗೆ ತೆರೆದೆ. ಒಳಗೆ ಪಾದರಸದ ಕೊಳವೆ, ರಬ್ಬರಿನ ನಳಿಗೆ, ಗಾಳಿ ಒತ್ತುವ ಬುಗ್ಗೆ!

“ಇದರಾಗ ಶೇಂಗಾ ಹೆಂಗ ಹಾಕೂದ್ರಿ?” ಎಂದಳು.

“ಇದು ಬಿಪಿ ಯಂತ್ರ. ನನ್ನ ನೆನಪಿನ ಪ್ರಶ್ನೆ ಐತಿ.”

“ನೆನಪ ಇದ್ದಿದ್ರ ಮಿಕ್ಸರ್ ಬರತಿತ್ತ,” ಎಂದು ಒಳಗೆ ಹೋದಳು. ಒರಳಿನ ಸದ್ದು ಎಂದಿಗಿಂತ ಜೋರಾಗಿ ಕೇಳಿತು.

ಡಾಕ್ಟರರ ಕಂಪೌಂಡರ್ ನಾಲ್ಕು ಸಂಜೆ ಕುಳಿತು ನನಗೆ ಯಂತ್ರ ಕಲಿಸಿದ. ಇನ್ನು ಬೇಕಾದದ್ದು ಶಾಸ್ತ್ರಬದ್ಧ ಪ್ರಯೋಗ. ಟೆನ್ಶನ್ನಿಗೆ ಮೊದಲು ಒಂದು ಅಳತೆ, ನಂತರ ಒಂದು ಅಳತೆ. ಟೆನ್ಶನ್ ಎಲ್ಲಿಂದ ತರುವುದು? ಮನೆಯಲ್ಲೇ ಇತ್ತಲ್ಲ!

“ನಾಳೆ ಮುಂಜಾನೆ ಎಂಟಕ್ಕ ನನ್ನ ಜೋಡಿ ಹತ್ತು ನಿಮಿಷ ಜಗಳಾಡಬೇಕು,” ಎಂದು ಆಕೆಗೆ ವಿನಂತಿಸಿಕೊಂಡೆ.

“ಯಾವುದರ ಮ್ಯಾಲ್ರಿ?”

“ಯಾವುದರ ಮ್ಯಾಲಾದ್ರೂ ನಡೀತೈತಿ.”

ಎಂಟಕ್ಕೆ ಪಟ್ಟಿ ಕಟ್ಟಿಕೊಂಡು ಕುಳಿತೆ. ಇಪ್ಪತ್ತೆರಡು ವರ್ಷ ಯಾವ ಪೂರ್ವಸಿದ್ಧತೆಯೂ ಇಲ್ಲದೆ ಜಗಳಾಡಿದ ಹೆಂಗಸು ಅಂದು ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. “ನನ್ನ ಕೈಲೆ ಆಗೂದಿಲ್ಲರಿ, ನಿಮ್ಮ ಮಾರಿ ನೋಡಿದ್ರ ನಗಿ ಬರತೈತಿ!” ಇಂಥ ಗಂಭೀರ ಪ್ರಯೋಗವನ್ನು ಹಾಳು ಮಾಡಿದಳೆಂದು ನಾನು ಕೂಗಾಡಿದೆ. ಅಳೆದರೆ ಬಿಪಿ ಏರಿತ್ತು! ಪ್ರಯೋಗ ಯಶಸ್ವಿಯಾಗಿತ್ತು. ಆಕೆ ಮಾತ್ರ ಅಂದು ಇಡೀ ದಿನ ಮಾತಾಡಲಿಲ್ಲ.

ಸುದ್ದಿ ಓಣಿಗೆ ಹಬ್ಬಿತು. ಬೆಳಿಗ್ಗೆ ಏಳಕ್ಕೇ ನಮ್ಮ ಪಡಸಾಲೆಯಲ್ಲಿ ಜನ ತೋಳು ಮಡಚಿ ಕುಳಿತಿರುತ್ತಿದ್ದರು. ಕಿರಾಣಿ ಅಂಗಡಿಯವರು, ಟೇಲರು, ಟೇಲರನ ಅತ್ತೆ, ಎಲ್ಲರ ಬಿಪಿಯನ್ನೂ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಬಂದವರಿಗೆಲ್ಲ ನನ್ನಾಕೆ ಚಹಾ ಮಾಡಿಕೊಟ್ಟಳು. ಮೂರು ತಿಂಗಳು.

ಅಷ್ಟರಲ್ಲಿ ಕಿತ್ತೂರಿನ ಹತ್ತಿರ ಆಕೆಯ ತವರಾದ ದೇಗಾಂವದಲ್ಲಿ ಆಕೆಯ ಅಣ್ಣನ ಮಗಳ ಮದುವೆ ಬಂತು. ಕಿತ್ತೂರಿನ ಬಸ್ಸಿಗೆ ಹೊರಟಾಗ ಬಿಪಿ ಯಂತ್ರವನ್ನೂ ಬಗಲಲ್ಲಿ ಇಟ್ಟುಕೊಂಡೆ. ಕಾರಣ ಬಲವಾದದ್ದೇ ಇತ್ತು. ನಮ್ಮ ಕಡೆ ಅಕ್ಷತೆಯ ನಂತರ ಭೂಮದೂಟ. ಮದುಮಕ್ಕಳ ಪಂಕ್ತಿಯಲ್ಲೇ ಹತ್ತಿರದ ನೆಂಟರ ಜೋಡಿಗಳೂ ಕೂರಬೇಕು. ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ಪ್ರಾಸ ಕೂಡಿಸಿ ಒಡಪಿನಲ್ಲಿ ಹೇಳಬೇಕು. ಹೇಳದಿದ್ದರೆ ತುತ್ತಿಲ್ಲ! ಇನ್ನೂರು ಜನರ ಎದುರು ಒಡಪು ಹೇಳುವುದಕ್ಕಿಂತ ದೊಡ್ಡ ಟೆನ್ಶನ್ ಅಳತೆಗೆ ಎಲ್ಲಿ ಸಿಕ್ಕೀತು?

ಒಡಪನ್ನು ಬಸ್ಸಿನಲ್ಲೇ ಬರೆದು ಬಾಯಿಪಾಠ ಮಾಡಿದೆ:

ತಾಟ ತುಂಬ ಹೋಳಗಿ, ವಾಟಿ ತುಂಬ ತುಪ್ಪ,
ಕಮಲಾನ ಮುಂದ ನಾ ಯಾವತ್ತೂ ಗಪ್ಪ!

ಊಟಕ್ಕೆ ಮೊದಲು ಒಳಗಿನ ಕೋಣೆಯಲ್ಲಿ ಕುಳಿತು, ಜುಬ್ಬಾದ ತೋಳು ಮೇಲೇರಿಸಿ, ಪಟ್ಟಿ ಕಟ್ಟಿ, ಮೊದಲ ಅಳತೆ ತೆಗೆಯುತ್ತಿದ್ದೆ. ಬಾಗಿಲು ದಡಾರನೆ ತೆರೆಯಿತು. ನನ್ನಾಕೆಯ ಚಿಗವ್ವ! ಊರಿಗೆಲ್ಲ ಒಡಪು ಹೇಳಿಕೊಡುವ ಮುದುಕಿ.

“ಅಳಿಯಾರ, ಎಲ್ಲಿ ಅಡಗಿ ಕುಂತೀರಿ? ಏಳ್ರಿ!” ಎಂದು ಇನ್ನೊಂದು ರಟ್ಟೆ ಹಿಡಿದು ಎಳೆದೇಬಿಟ್ಟಳು. ಪಟ್ಟಿ ಬಿಚ್ಚಲು ಬಿಡಲಿಲ್ಲ. ನಳಿಗೆಯ ತುದಿಗೆ ಪೆಟ್ಟಿಗೆ ಇತ್ತು; ಅದನ್ನೂ ಎತ್ತಿಕೊಂಡು ಹಿಂದೆ ಓಡಿದೆ. ನೋಡಿದವರು ಮದುಮಗಳಿಗೆ ಏನೋ ಬಂಗಾರದ ಉಡುಗೊರೆ ಎಂದುಕೊಂಡು ದಾರಿ ಬಿಟ್ಟರು.

ತಾಟಿನ ಪಕ್ಕ ಪೆಟ್ಟಿಗೆ ಇಟ್ಟುಕೊಂಡು ಕುಳಿತೆ. ನನ್ನಾಕೆ ನೆಲ ನೋಡುತ್ತ ನನ್ನ ಹೆಸರನ್ನು ಸಿಹಿಯಾಗಿ ಒಡಪಿನಲ್ಲಿ ಹೇಳಿ ಮುಗಿಸಿದಳು. ಈಗ ನನ್ನ ಸರದಿ. ಗಂಟಲು ಸರಿಪಡಿಸಿಕೊಂಡೆ.

“ತಾಟ ತುಂಬ ಹೋಳಗಿ, ವಾಟಿ ತುಂಬ ತುಪ್ಪ...”

ನಿಂತೆ. ಎದುರಿಗೆ ಇನ್ನೂರು ಜನ. ಹಿಂದಿನ ಬೆಂಚಿನಲ್ಲಿ ಇನ್ನೂರು ಜನ ಸಾಹೇಬರು ಕುಳಿತಂತೆ ಕಂಡಿತು. ಹೆಸರು? ಹೆಸರು ಇಲ್ಲ! ಲಗ್ನವಾದಂದಿನಿಂದ “ಏ”, “ಇಲ್ಲಿ ಬಾ”, “ಕೇಳಿದೇನ” ಎಂದು ಕರೆದವನಿಗೆ ಆ ಹೆಸರು ನಾಲಿಗೆಯ ಹತ್ತಿರವೂ ಸುಳಿಯಲಿಲ್ಲ.

“ಮುಂದ?” ಎಂದಳು ಚಿಗವ್ವ.

ಪಕ್ಕದಲ್ಲಿ ಕುಳಿತ ಅಜ್ಜನೊಬ್ಬ ಬುಗ್ಗೆಯನ್ನು ಕುತೂಹಲದಿಂದ ಒತ್ತಿ ನೋಡಿದ. ಮತ್ತೆ ಒತ್ತಿದ. ಮುಚ್ಚಳ ತೆರೆದಿದ್ದ ಪೆಟ್ಟಿಗೆಯಲ್ಲಿ ಪಾದರಸ ಏರತೊಡಗಿತು. ಯಾರು ಬುಗ್ಗೆ ಒತ್ತಿದರೂ ಪಾದರಸ ಏರುತ್ತದೆ ಎಂದು ಆ ಜನಕ್ಕೆ ಯಾರು ಹೇಳಬೇಕು?

“ಏರಾಕ ಹತ್ತೈತಿ! ಮಾಸ್ತರ್ರು ಮರತಷ್ಟೂ ಏರತೈತಿ!” ಎಂದು ಯಾರೋ ಕೂಗಿದರು. ಅಡುಗೆಯವರು ಸಾರಿನ ಸೌಟು ಹಿಡಿದೇ ಬಂದು ನಿಂತರು. ಪಟ್ಟಿ ಬಿಗಿದು ನನ್ನ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

“ಸುಳುವು ಕೊಡತೇನಿ ಅಳಿಯಾರ,” ಎಂದು ಚಿಗವ್ವ ಕರುಣೆ ತೋರಿದಳು. “ಈ ಊರಾಗಿನ ಗುಡಿ ಯಾವ ದೇವರದು?”

“ನಾರಾಯಣ!” ಎಂದೆ.

ದೇವರ ಹೆಸರು ಕಮಲನಾರಾಯಣ. ಅರ್ಧ ನೆನಪಾಗಿತ್ತು, ಆಗಬೇಕಾದ ಅರ್ಧ ಆಗಿರಲಿಲ್ಲ. ಚಪ್ಪರವೇ ಕುಸಿಯುವಂತೆ ನಕ್ಕರು. ಹಠಕ್ಕೆ ಬಿದ್ದವನಂತೆ ನಾನು ಪ್ರಾಸವನ್ನಾದರೂ ಮುಗಿಸೋಣವೆಂದು, “...ಮುಂದ ನಾ ಯಾವತ್ತೂ ಗಪ್ಪ!” ಎಂದುಬಿಟ್ಟೆ.

ನಗು ನಿಂತ ಮೇಲೆ ಪಕ್ಕದಿಂದ ಸಣ್ಣ ದನಿ ಬಂತು. “ಕಮಲಾ ಅಂತ್ರಿ,” ಎಂದಳು ಆಕೆ, ತಾಟಿನಿಂದ ಕಣ್ಣೆತ್ತದೆ. ಹೋಳಿಗೆಯ ಮೇಲೆ ಒಂದು ಹನಿ ಬಿತ್ತು. ತವರಿನ ಜನರೆಲ್ಲರ ಎದುರು ಆಕೆ ತನ್ನ ಹೆಸರನ್ನು ತಾನೇ ಹೇಳಬೇಕಾಗಿ ಬಂದಿತ್ತು. ನನಗೆ ಬಹಳ ನಾಚಿಕೆಯಾಯಿತು.

ಮರುದಿನ ಬೈಲಹೊಂಗಲಕ್ಕೆ ಬಂದವನೇ ಆಕೆಯನ್ನೂ ಕರೆದುಕೊಂಡು ಡಾಕ್ಟರರಲ್ಲಿಗೆ ಓಡಿದೆ. “ನನ್ನ ನೆನಪು ಹೋತ್ರಿ! ಹೆಂಡತಿ ಹೆಸರ ಮರತೆ!”

ಡಾಕ್ಟರರು ಶಾಂತವಾಗಿ ನನ್ನನ್ನು ಪರೀಕ್ಷಿಸಿದರು. “ಮರಿಯಾಕ ಮೊದಲ ಬಳಸಬೇಕಲ್ರಿ ಮಾಸ್ತರ್ರ. ನಿಮಗೇನೂ ಆಗಿಲ್ಲ.” ನಂತರ ಆಕೆಯ ಕಡೆ ತಿರುಗಿ, “ಅಕ್ಕಾರ, ನಿಮ್ಮದೂ ಒಮ್ಮೆ ನೋಡೂಣು,” ಎಂದರು.

ಒಂದು ಸಲ ನೋಡಿದರು. ಎರಡು ಸಲ ನೋಡಿದರು. ಸುಮ್ಮನೆ ಕೂರಿಸಿ ಮೂರನೆಯ ಸಲ ನೋಡಿದರು. ಅವರ ಮುಖ ಗಂಭೀರವಾಯಿತು. “ಇವರದು ಸುಮ್ಮ ಕುಂತಾಗೂ ಏರೇ ಐತಿ. ಇದಕ್ಕ ಮೊದಲ ಎಷ್ಟಿತ್ರಿ? ನಿಮ್ಮ ಮನ್ಯಾಗ ಯಂತ್ರ ಐತೆಲ್ಲ?”

ನನ್ನ ನೋಟ್‌ಬುಕ್ಕಿನಲ್ಲಿ ಟೇಲರನ ಅತ್ತೆಯ ಬಿಪಿ ಹನ್ನೊಂದು ಸಲ ಇತ್ತು. ಚಹಾ ಮಾಡಿಕೊಟ್ಟವಳ ಬಿಪಿ ಒಂದು ಸಲವೂ ಇರಲಿಲ್ಲ.

“ಮನ್ಯಾಗ ಏನರೆ ಟೆನ್ಶನ್ ಐತೇನ್ರಿ ಅಕ್ಕಾರ?”

ಆಕೆ ನನ್ನತ್ತ ನೋಡಿದಳು. ಡಾಕ್ಟರರೂ ನನ್ನತ್ತ ನೋಡಿದರು. ಕಂಪೌಂಡರನೂ ನೋಡಿದ. ನಾನು ತಿರುಗಿ ನನ್ನ ಹಿಂದೆ ನೋಡಿದೆ. ಗೋಡೆ ಇತ್ತು.

ಆಗ ನಿಜವಾಗಿ ಹೆದರಿದೆ. ನನ್ನ ಕೀಲಿಕೈ ಎಲ್ಲಿದೆ, ಗ್ಯಾಸಿಗೆ ಯಾವ ದಿನ ಹೆಸರು ಹಚ್ಚಿದ್ದು, ನನ್ನ ಅವ್ವ ತೀರಿಕೊಂಡ ತಿಥಿ ಯಾವುದು, ನಾನು ಯಾರ ಮೇಲೆ ಏಕೆ ಸಿಟ್ಟಾಗಿದ್ದೇನೆ, ಇದೆಲ್ಲ ಇದ್ದದ್ದು ಈಕೆಯ ತಲೆಯಲ್ಲಿ. ಮುಂದೆ ಈ ನೆನಪಿಗೇ ಪೆಟ್ಟು ಬಿದ್ದರೆ ನಮ್ಮ ಮನೆಯ ಗತಿಯೇನು? ಆ ನೆನಪನ್ನು ಕಾಯುವುದು ಬಿಟ್ಟು ಮೂರು ತಿಂಗಳು ನಾನು ಕಾದದ್ದು ನನ್ನ ರಟ್ಟೆಯನ್ನು!

ಗುಳಿಗೆ ಶುರುವಾಯಿತು. ಉಪ್ಪು ಕಡಿಮೆಯಾಯಿತು. ಪಡಸಾಲೆಯ ದವಾಖಾನೆ ಬಂದ್ ಆಯಿತು. ಆ ವಾರವೇ ಬೆಳಗಾವಿಗೆ ಹೋಗಿ ಮಿಕ್ಸರ್ ತಂದೆ, ಒಂದು ಜಾರನ್ನು ಬಸ್ಸಿನಲ್ಲೇ ಬಿಟ್ಟು ಬಂದರೂ. ಕೆಲವು ತಿಂಗಳಲ್ಲಿ ಆಕೆಯ ಬಿಪಿ ಇಳಿಯಿತು.

ಈಗ ನಾನು ಆಕೆಯನ್ನು ಹೆಸರು ಹಿಡಿದೇ ಕರೆಯುತ್ತೇನೆ. ಬಳಸಿದರೆ ಮರೆಯುವುದಿಲ್ಲವಲ್ಲ! ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ, “ಕಮಲಾ!” ಎಂದು ಕೂಗುತ್ತೇನೆ.

“ಏನ್ರೀ?” ಎಂದು ಅಡುಗೆಮನೆಯಿಂದ ದನಿ ಬರುತ್ತದೆ.

ಏಕೆ ಕರೆದೆನೋ ನೆನಪಾಗುವುದಿಲ್ಲ. ಬಾಯಿ ತೆರೆದು ನಿಲ್ಲುತ್ತೇನೆ. ಆಕೆ ಮಿಕ್ಸರ್ ನಿಲ್ಲಿಸುವುದೂ ಇಲ್ಲ, ಹೊರಗೆ ಬಂದು ನೋಡುವುದೂ ಇಲ್ಲ.

“ಚಷ್ಮಾ ತಲಿ ಮ್ಯಾಲೇ ಐತ್ರೀ!” ಎನ್ನುತ್ತಾಳೆ.

ಮುಟ್ಟಿ ನೋಡಿಕೊಳ್ಳುತ್ತೇನೆ. ಇರುತ್ತದೆ.