ಸಾಹೇಬರ ಕೂಲರ್, ನನ್ನ ಮುದಿ ಕಂಪ್ಯೂಟರ್

ಯಾದಗಿರಿಯ ಹಳೇ ದಾಖಲೆಗಳ ಕೋಣೆಯಲ್ಲಿ ಕೆಲಸ ಮಾಡುವವರು ನಗು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಬಾಗಿಲು ತಳ್ಳಿಕೊಂಡು ಬರುತ್ತದೆ. ನಿಜಾಮರ ಕಾಲದ ಜಮೀನು ದಾಖಲೆಗಳನ್ನು ಗೆದ್ದಲು ತಿನ್ನುವ ಮೊದಲು ಪುಟಪುಟವಾಗಿ ಫೋಟೋ ತೆಗೆದು ಮೈಕ್ರೋಫಿಲ್ಮ್ ರೀಲಿಗೆ ಇಳಿಸುವುದು ನನ್ನ ಕೆಲಸ. ಕ್ಯಾಮೆರಾ ನಡೆಸುವುದು ಹಸಿರು ಅಕ್ಷರದ ಒಂದು ಮುದಿ ಕಂಪ್ಯೂಟರ್. ಫ್ಲಾಪಿ ತುರುಕಿದರೆ ಮಾತ್ರ ಎಚ್ಚರವಾಗುತ್ತದೆ. ಅದನ್ನು ಗುಜರಿಗೆ ಹಾಕಿ ಅಂತ ಮೇಲಿನವರ ಒತ್ತಾಯ. ಅದು ಹೋದರೆ ಕ್ಯಾಮೆರಾವೂ ಹೋದಂತೆ. ಕೊನೇ ಪುಟ ಮುಗಿಯುವತನಕ ಬಿಟ್ಟುಕೊಡುವುದಿಲ್ಲ ಅಂತ ನಾನೂ ಹಟ ಹಿಡಿದೆ.

ಮೂರು ಪಟ್ಟಿ

ಆಯುಧಪೂಜೆಗೆ ನಮ್ಮ ಅಟೆಂಡರ್ ಅಮ್ಮ ಕಂಪ್ಯೂಟರಿಗೆ ಹಾರ ಹಾಕಿ, ಪುಟದ ಮೇಲೆ ಒತ್ತಿಡುವ ಗಾಜಿಗೆ ವಿಭೂತಿಯ ಮೂರು ಪಟ್ಟಿ ಎಳೆದಿದ್ದರು. ಪರದೆಯಲ್ಲೇ ಕಣ್ಣು ನೆಟ್ಟಿದ್ದ ನಾನು ಮರುದಿನ ಹಾಗೇ ಇಡೀ ರೀಲು ತೆಗೆದೆ. ಕೆಲವು ದಿನದ ಮೇಲೆ ಶಹಾಪುರದ ರೈತರೊಬ್ಬರು ಅಡ್ಡಡ್ಡ ಮೂರು ಪಟ್ಟಿ ಮೂಡಿದ್ದ ತಮ್ಮ ಹೊಲದ ನಕಲು ಹಿಡಿದು ಓಡಿ ಬಂದರು.

"ಅಲ್ರೀ ಸರ, ನಮ್ಮ ಮುತ್ಯಾ ಈ ಹೊಲ ಗುಡಿಗಿ ಯಾವಾಗ ಕೊಟ್ಟಾನ್ರಿ?"

ವಿಷಯ ಹೇಳಿ, ಬೇರೆ ನಕಲು ತೆಗೆದುಕೊಡುತ್ತೇನೆ ಅಂದೆ. ಅವರು ಒಂದು ಕ್ಷಣ ಯೋಚಿಸಿ ಕಾಗದ ಮಡಚಿ ಕಿಸೆಗಿಟ್ಟರು.

"ಇರ್ಲಿ ಬಿಡ್ರಿ. ಬಾಜೂ ಹೊಲದಾಂವಗ ಇದನ್ನೇ ತೋರಸ್ತೀನಿ. ದೇವ್ರ ಹೊಲ ಅಂದ್ರ ಬದು ಸರಸೂದು ಬಿಡ್ತಾನ."

ಕೊನಿಗಿ ಹುಟ್ಯಾನ

ಆಮೇಲೆ ಉರ್ದು ಪುಸ್ತಕಗಳ ಸರದಿ. ನಾನು ಕನ್ನಡದವನು, ರೂಢಿಯಂತೆ ಎಡಗಡೆಯ ರಟ್ಟು ತೆರೆದು ಶುರುಮಾಡಿದೆ. ಸುರಪುರದ ನಿವೃತ್ತ ಉರ್ದು ಮಾಸ್ತರು ರೀಲು ಹಾಕಿ ಒಬ್ಬ ಜಮೀನ್ದಾರನ ದಾಖಲೆ ಓದುತ್ತ ಕೂತವರು ಹುಬ್ಬೇರಿಸಿದರು.

"ಏನ್ ಕಮಾಲ್ ಅದ ರೀ ನಿಮ್ಮ ಕಂಪ್ಯೂಟರ್! ಇಂವ ಮೊದಲು ಹೊಲ ಮಾರ್ಯಾನ, ಆಮ್ಯಾಗ ಖರೀದಿ ಮಾಡ್ಯಾನ, ಕೊನಿಗಿ ಹುಟ್ಯಾನ!"

ಉರ್ದು ಪುಸ್ತಕ ಬಲಗಡೆಯಿಂದ ತೆರೆಯುತ್ತದೆ ಎಂಬುದು ಆಗ ಹೊಳೆಯಿತು. "ಎಲ್ಲಾ ಮತ್ತ ತೆಗೀತೀನ್ರಿ ಮಾಸ್ತರ" ಅಂದೆ.

"ಯಾಕ್ರಿ? ರೀಲು ಉಲ್ಟಾ ಸುತ್ರಿ. ಅಂವ ಸೀದಾ ಹುಟ್ತಾನ."

ವರಾಂಡದ ಖುರ್ಚಿ

ಬೇಸಿಗೆ ಬಂತು. ಯಾದಗಿರಿಯ ಬಿಸಿಲಿಗೆ ಕಂಪ್ಯೂಟರ್ ಮಧ್ಯಾಹ್ನಕ್ಕೇ ನಿಂತುಬಿಡುತ್ತಿತ್ತು. ಫೋಟೋ ತೆಗೆಯಲು ಉಳಿದದ್ದು ಒಂದೇ ಕಪಾಟಿನ ದಾಖಲೆ. ಆಫೀಸಿನಲ್ಲಿ ಇದ್ದದ್ದೂ ಒಂದೇ ಕೂಲರ್, ಅದೂ ಸಾಹೇಬರ ಕೋಣೆಯಲ್ಲಿ. ಗಟ್ಟಿ ಮನಸ್ಸು ಮಾಡಿ ಕಂಪ್ಯೂಟರಿಗೆ ಅಲ್ಲಿ ಜಾಗ ಕೇಳಿಯೇಬಿಟ್ಟೆ.

"ಒಂದು ಮೂಲ್ಯಾಗ ಇಡ್ರಿ" ಅಂದರು ಸಾಹೇಬರು, ಪಾಪ.

ಕಂಪ್ಯೂಟರ್ ಬಂತು. ಹಿಂದೆಯೇ ಕ್ಯಾಮೆರಾ, ದೀಪಗಳು, ಕಪಾಟು. ಕೊನೆಗೆ ಸಾಹೇಬರ ಖುರ್ಚಿಯೇ ಅಡ್ಡವಾಯಿತು. ಖುರ್ಚಿ ವರಾಂಡಕ್ಕೆ ಹೋಯಿತು, ಜೊತೆಗೆ ಸಾಹೇಬರೂ.

ಆ ವಾರವೇ ಹಳೇ ಸಾಮಾನು ಗುಜರಿಗೆ ಸಾಗಿಸಲು ಹೊಸ ಮೇಲಧಿಕಾರಿ ಬಂದರು. ವರಾಂಡದಲ್ಲಿ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ನಮ್ಮ ಸಾಹೇಬರ ಗುರುತು ಅವರಿಗೆ ಸಿಗಲಿಲ್ಲ. "ಸಾಹೇಬ್ರ ರೂಮಿನಾಗ ಯಾರದಾರ?" ಅಂತ ಅಟೆಂಡರ್ ಅಮ್ಮನನ್ನು ಕೇಳಿದರು.

"ಕಂಪ್ಯೂಟರ್ ಅದ ರೀ. ಬೂಟು ಬಿಟ್ಟು ಹೋಗ್ರಿ, ಅದಕ್ಕ ಧೂಳ ಆಗಂಗಿಲ್ಲ."

ಅವರು ಬರಿಗಾಲಲ್ಲಿ ಒಳಗೆ ಬಂದರು. ನಾನು ಕಂಪ್ಯೂಟರಿಗೆ ಅಡ್ಡ ನಿಂತೆ.

"ಸರ, ಇದೊಂದು ಕಪಾಟು ಮುಗೀಲಿ. ಆಮ್ಯಾಗ ನಾನೇ ಹೊತ್ತು ಗುಜರಿಗಿ ಹಾಕ್ತೀನಿ."

ಅವರು ತಂಪು ಗಾಳಿಯಲ್ಲಿ ಟಕಟಕ ಕೆಲಸ ಮಾಡುತ್ತಿದ್ದ ಯಂತ್ರವನ್ನು ನೋಡಿದರು. "ಆತು, ಮುಗಸ್ರಿ" ಅಂದರು. ಆಮೇಲೆ ಬಾಗಿಲಾಚೆಯ ಖುರ್ಚಿಯತ್ತ ಕೈ ತೋರಿಸಿ ಕೇಳಿದರು:

"ಹಂಗಾದ್ರ ಗುಜರಿಗಿ ಅಂತ ಹೊರಗ ಇಟ್ಟಿದ್ದು ಅದನ್ನೇನು?"

ನಮ್ಮ ಸಾಹೇಬರು ಖುರ್ಚಿಯಿಂದ ದಡಕ್ಕನೆ ಎದ್ದು ಒಳಗೆ ಬಂದವರೇ ನನ್ನ ಪಕ್ಕ ನಿಂತು ಪುಟ ತಿರುವಲು ಶುರುಮಾಡಿದರು. ಕಪಾಟು ಮುಗಿಯುವತನಕ ನಿಲ್ಲಿಸಲಿಲ್ಲ.