ಸರ್ವರ್ ನೋಡಲು ಬಂದ ಸಾಹುಕಾರರು

ವ್ಯಾಪಾರಕ್ಕೆ ಇಳಿದವನು ಮೊದಲು ಕಲಿಯಬೇಕಾದದ್ದು ಮಾಲಿನ ಗುಣವನ್ನಲ್ಲ, ಗಿರಾಕಿಯ ಎದುರು ಪೆಚ್ಚಾಗದೆ ಕೂಡುವುದನ್ನು. ನಾನು ಅದನ್ನು ಇನ್ನೂ ಕಲಿತಿಲ್ಲ ಎಂಬುದು ನನ್ನ ಹೆಂಡತಿ ಶೈಲಾಳ ಅಭಿಪ್ರಾಯ. ನಾನು ಮಾರುವ ಮಾಲಾದರೂ ಎಂಥದು? ಹತ್ತು ಜನ ಹತ್ತು ಕಡೆ ಕೂತು ಕೂಡಿ ಒಂದೇ ಆಟ ಆಡಬೇಕಾದರೆ, ಆ ಆಟವನ್ನು ನಡೆಸುವ ಕಂಪ್ಯೂಟರ್ ಎಲ್ಲಾದರೂ ಒಂದು ಕಡೆ ಸದಾ ಓಡುತ್ತಿರಬೇಕು. ಅದಕ್ಕೆ ಗೇಮ್ ಸರ್ವರ್ ಎನ್ನುತ್ತಾರೆ. ಅದು ಇರುವುದು ಮುಂಬೈಯಲ್ಲಿ. ಅದನ್ನು ಬಾಡಿಗೆಗೆ ಕೊಡುವ ನಾನಿರುವುದು ವಿಜಯಪುರದಲ್ಲಿ, ಕಿರಾಣಿ ಅಂಗಡಿಯ ಮೇಲಿನ ಎರಡು ಖೋಲಿಗಳಲ್ಲಿ. ಮಧ್ಯೆ ಇರುವುದು ನನ್ನ ಬಾಯಿ ಮಾತು ಮಾತ್ರ.

ಸರ್ವರ್ ಹಿಡಿಯುವ ಗಿರಾಕಿ ಏನೇನು ನೋಡುತ್ತಾನೆಂದು ಇಂಟರ್ನೆಟ್ಟಿನ ಪಂಡಿತರು ಉದ್ದುದ್ದ ಬರೆದಿದ್ದಾರೆ. ವೇಗ ನೋಡುತ್ತಾನಂತೆ, ಆಟ ನಡುವೆ ನಿಲ್ಲಬಾರದಂತೆ, ಕಿಡಿಗೇಡಿಗಳ ದಾಳಿಗೆ ಬಗ್ಗಬಾರದಂತೆ. ಅವರ್ಯಾರೂ ನಮ್ಮ ಕಡೆಗೆ ಬಂದಂತಿಲ್ಲ. ನನ್ನ ವೆಬ್‌ಸೈಟಿನಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಇಲ್ಲವೆಂದು ಒಬ್ಬ ಎದ್ದು ಹೋದ. ಇನ್ನೊಬ್ಬರು "ಅನ್‌ಲಿಮಿಟೆಡ್ ಐತೇನ್ರಿ?" ಎಂದರು. ಏನು ಅನ್‌ಲಿಮಿಟೆಡ್ ಬೇಕಾಗಿತ್ತೆಂದು ಕೇಳಿದೆ. "ಏನರ ಇರಲ್ರಿ, ಅನ್‌ಲಿಮಿಟೆಡ್ ಇರಬೇಕು ನೋಡ್ರಿ" ಎಂದರು. ಮೂರನೆಯವರು ಸರ್ವರಿನ ಸುದ್ದಿಗೇ ಬರಲಿಲ್ಲ. ನನ್ನ ಊರು ಕೇಳಿದರು, ಅಡ್ಡಹೆಸರು ಕೇಳಿದರು, ಕನಮಡಿಯಲ್ಲಿರುವ ಅದೇ ಅಡ್ಡಹೆಸರಿನವರು ನನಗೆ ಏನೂ ಆಗಬೇಕಿಲ್ಲವೆಂದು ತಿಳಿದಾಗ ನಿರಾಸೆಯಿಂದ ಚಹಾ ಕುಡಿದು ಹೋದರು.

ಹೀಗಿರುವಾಗ ತಿಕೋಟಾದ ಈರಣ್ಣ ಸಾಹುಕಾರರು ಬಂದರು. ಒಣದ್ರಾಕ್ಷಿಯ, ನಮ್ಮ ಕಡೆಯ ಮಾತಿನಲ್ಲಿ ಮಣೂಕದ, ವ್ಯಾಪಾರಿ, ಐವತ್ತರ ಆಸುಪಾಸು. ಅವರೂ ಅವರ ಹನ್ನೆರಡು ಮಂದಿ ಗೆಳೆಯರೂ ಲಾರಿ ಓಡಿಸುವ ಆಟಕ್ಕೆ ಬಿದ್ದಿದ್ದರು. ಹಗಲೆಲ್ಲ ಲಾರಿಗೆ ಮಾಲು ಹೇರಿಸಿ ಬೇಸತ್ತವರು ಮನೆಗೆ ಹೋಗಿ ಮತ್ತೆ ಸುಳ್ಳು ಲಾರಿ ಹತ್ತುವುದು ಯಾವ ಸುಖಕ್ಕೋ ನನಗೆ ತಿಳಿಯದು. ತಿಳಿಯುವ ಗೊಡವೆಯೂ ನನಗಿರಲಿಲ್ಲ. ಸಾಹುಕಾರರು ಒಪ್ಪಿದರೆ ತಿಕೋಟಾದ ಕೋಲ್ಡ್ ಸ್ಟೋರೇಜಿನಲ್ಲಿ ಮಾಲು ಇಡುವ ವ್ಯಾಪಾರಿಗಳೆಲ್ಲ ಅವರ ಹಿಂದೆ ಬರುವವರಿದ್ದರು. ಒಪ್ಪದಿದ್ದರೆ ನಾನು ಬೋರ್ಡು ಇಳಿಸಿ, ಮಾವನವರ ಪಾತ್ರೆ ಅಂಗಡಿಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ಟು ಅಳೆಯುತ್ತ ಕೂಡಬೇಕಿತ್ತು. ಮಾವನವರು ನನಗಾಗಿ ಸ್ಟೂಲು ಕೂಡ ತರಿಸಿಟ್ಟಿದ್ದರು.

ನಾನು ಅರ್ಧ ತಾಸು ವೇಗದ ಬಗ್ಗೆ ಭಾಷಣ ಬಿಗಿದೆ. ಸಾಹುಕಾರರು ಸಮಾಧಾನದಿಂದ ಕೇಳಿ, "ಅದೆಲ್ಲಾ ಖರೇರಿ. ಮಷೀನ್ ಎಲ್ಲೈತ್ರಿ?" ಎಂದರು.

"ಮುಂಬೈದಾಗ ಐತ್ರಿ."

"ಅದು ಅಲ್ಲಿದ್ರ, ಇಲ್ಲಿ ನಿಮ್ಮ ಕೆಲಸ ಏನ್ರಿ?"

ಈ ಪ್ರಶ್ನೆಯನ್ನು ಅದುವರೆಗೆ ನನ್ನ ಹೆಂಡತಿ ಮಾತ್ರ ಕೇಳಿದ್ದಳು. "ನಾವು ಮಣೂಕ ತಗೊಳ್ಳೂ ಮಂದಿರಿ" ಎಂದರು ಸಾಹುಕಾರರು. "ಬಾಕ್ಸಿನ್ಯಾಗ ಕೈ ಹಾಕಿ, ಮುಟ್ಟಿ, ಬಾಯಾಗ ಹಾಕ್ಕೊಂಡ ನೋಡತೇವಿ. ಕಣ್ಣಿಲೆ ನೋಡಲಾರದ ಮಾಲ ತಗೊಳ್ಳಂಗಿಲ್ರಿ." ಒಂದು ವಾರ ಪುಕ್ಕಟೆ ಆಡಿ ನೋಡಿ ಎಂದು ಅಂಗಲಾಚಿದೆ. ಆಯ್ತು, ವಾರ ಬಿಟ್ಟು ಮಷೀನ್ ನೋಡಲು ಬರುತ್ತೇನೆ ಎಂದು ಹೋದರು.

ಆ ವಾರ ನನ್ನ ಬುದ್ಧಿಗೆ ಮಂಕು ಕವಿಯಿತು. ಮುಂಬೈಯ ಮಷೀನನ್ನು ಇಲ್ಲಿಗೇ ತರಿಸಿದ್ದೇನೆಂದು ಸಾಹುಕಾರರಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಗುಜರಿ ಅಂಗಡಿಯಿಂದ ಕಂಪ್ಯೂಟರಿನ ನಾಲ್ಕು ಖಾಲಿ ಡಬ್ಬಿ ತಂದೆ. ಒಳಗೆ ನೀಲಿ ದೀಪದ ಸರ ಇಳಿಬಿಟ್ಟೆ. ಗುಂಯ್‌ಗುಡಲಿ ಎಂದು ಒಂದೊಂದು ಫ್ಯಾನು ಹಚ್ಚಿದೆ. ಒಳಖೋಲಿಯಲ್ಲಿ ಸಾಲಾಗಿ ಜೋಡಿಸಿ, ಬಾಗಿಲಿಗೆ 'ಚಪ್ಪಲಿ ಹೊರಗೆ ಬಿಡಿ' ಎಂದು ಬರೆದೆ. ಶೈಲಾ ಬಂದು ನೋಡಿ, "ಗಣಪತಿ ಕೂಡಸಾಕತ್ತೀರೇನು?" ಎಂದಳು. ಒಬ್ಬ ಪ್ರಾಮಾಣಿಕ ಮನುಷ್ಯ ಸುಳ್ಳು ಹೇಳಲು ಎಷ್ಟು ಕಷ್ಟಪಡುತ್ತಾನೆಂದು ಅವಳಿಗೆ ಅರ್ಥವಾಗಲಿಲ್ಲ.

ಸಾಹುಕಾರರು ಹೇಳಿದ ದಿನ, ಸಂಜೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿದರು. ಫ್ಯಾನಿನ ಸಪ್ಪಳಕ್ಕೆ ಕಿವಿಗೊಟ್ಟರು. ಒಂದು ಡಬ್ಬಿಯ ಮೂಲೆಯನ್ನು ಎರಡು ಬೆರಳಿನಿಂದ ಎತ್ತಿ ಕೆಳಗಿಟ್ಟರು. ಆಮೇಲೆ ಮೊಬೈಲಿನಲ್ಲಿ ಆಟ ತೆರೆದರು. ಅವರ ಗೆಳೆಯರ ಲಾರಿಗಳು ಸಾಲುಗಟ್ಟಿ ಘಾಟಿ ಏರುತ್ತಿದ್ದವು. "ಛಲೋ ಓಡಾಕತ್ತಾವ್ರಿ" ಎಂದರು. ನನ್ನ ಎದೆ ಹಿಗ್ಗಿತು. ಅಷ್ಟರಲ್ಲಿ ಕರೆಂಟು ಹೋಯಿತು.

ದೀಪ ಆರಿತು. ಫ್ಯಾನು ನಿಂತಿತು. ನಿಶ್ಶಬ್ದದಲ್ಲಿ ಸಾಹುಕಾರರ ಮೊಬೈಲಿನಿಂದ ಲಾರಿಗಳು ಭೋರ್ಗರೆಯುತ್ತ ಘಾಟಿ ಏರುತ್ತಲೇ ಇದ್ದವು. ಅವರು ಒಮ್ಮೆ ಸತ್ತ ಡಬ್ಬಿಗಳನ್ನು ನೋಡಿದರು, ಒಮ್ಮೆ ಲಾರಿಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಒಳಗ ಬ್ಯಾಟರಿ ಐತ್ರಿ" ಎಂದೆ.

"ಸರ, ಕೂಡ್ರಿ" ಎಂದರು. ನನ್ನದೇ ಆಫೀಸಿನಲ್ಲಿ ನಾನು ಕೂತೆ. "ಹದಿನೈದು ಕೇಜಿ ಬಾಕ್ಸ್ ಎತ್ತಿ ಎತ್ತಿ ಬೆಳದ ಕೈರಿ ಇದು. ಆಗಳೇ ಎತ್ತಿದಾಗನ ಗೊತ್ತಾತು, ಒಳಗ ಗಾಳಿ ಬಿಟ್ರ ಏನಿಲ್ಲಂತ." ನನಗೆ ನಾಚಿಕೆಯಾಯಿತು, ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು. ಕಣ್ಣೆದುರು ಪಾತ್ರೆ ಅಂಗಡಿಯ ಸ್ಟೂಲು ಬಂತು. ಆದರೆ ಸಾಹುಕಾರರು ಏಳಲಿಲ್ಲ. "ಈ ವಾರ ನಿಮಗ ಹನ್ನೊಂದ ಸಲ ಫೋನ್ ಹಚ್ಚೇನಿ. ನಾಕ ಸಲ ಕೆಲಸಿತ್ತು, ಉಳದದ್ದು ಸುಮ್ನ, ಎತ್ತತೀರೋ ಇಲ್ಲೋ ನೋಡಾಕ. ಹನ್ನೊಂದೂ ಸಲ ಎತ್ತೀರಿ. ಲಾರಿ ಒಮ್ಮಿನೂ ನಿಂತಿಲ್ಲ. ಮಷೀನ್ ಮುಂಬೈದಾಗರ ಇರಲಿ, ಮಮದಾಪುರದ ಕೆರ್‍ಯಾಗರ ಇರಲಿ, ನಂಗೇನ್ರಿ? ವರ್ಷದ್ದು ಬರಕೊಳ್ಳರಿ."

ನನಗೆ ಕಣ್ಣು ತುಂಬಿ ಬಂತು. ಸಾಹುಕಾರರು ಚಪ್ಪಲಿ ಮೆಟ್ಟುತ್ತ ಹೊರಳಿ ನೋಡಿ, "ಇನ್ನೊಂದ ಮಾತ್ರಿ. ಖಾಲಿ ಡಬ್ಬಿನ ಇಷ್ಟ ಚಂದ ಮಾಡಿ ತೋರಸ್ತೀರಿ. ನಮ್ಮಲ್ಲೆ ಎರಡನೇ ನಂಬರ್ ಮಣೂಕ ಭಾಳ ಉಳದೈತಿ. ಮಾರಾಕ ಬರ್ತೀರೇನು?" ಎಂದರು. ಬೈದಿದ್ದರೆ ಮರೆಯುತ್ತಿದ್ದೆ. ಅವರು ನಿಜವಾಗಿಯೂ ಕೇಳಿದ್ದರು.

ಆ ದಿನ ನನಗೆ ಜ್ಞಾನೋದಯವಾಯಿತು. ಗಿರಾಕಿ ನೋಡುವುದು ಡಬ್ಬಿಯನ್ನಲ್ಲ, ಫೋನು ಎತ್ತುವ ಮನುಷ್ಯನನ್ನು. ಇನ್ನು ಮೇಲೆ ಸತ್ಯವನ್ನೇ ಹೇಳಿ ಮಾರುತ್ತೇನೆಂದು ಶೈಲಾಳ ಮುಂದೆ ಆಣೆ ಮಾಡಿ, ಡಬ್ಬಿಗಳನ್ನು ಗುಜರಿಗೆ ಹಾಕಲು ಗೋಣಿಚೀಲ ತಂದೆ. ಅಷ್ಟರಲ್ಲಿ ಬಬಲೇಶ್ವರದ ಹೊಸ ಗಿರಾಕಿಯೊಬ್ಬರ ಫೋನು ಬಂತು. ಮೊದಲ ರಿಂಗಿಗೇ ಎತ್ತಿದೆ. ನಾಳೆ ನಾಲ್ಕು ಜನ ಮಷೀನ್ ನೋಡಲು ಬರುತ್ತಾರಂತೆ. ಬರ್ರಿ ಬರ್ರಿ ಎಂದೆ. ಡಬ್ಬಿಗಳು ಈಗಲೂ ಒಳಖೋಲಿಯಲ್ಲೇ ಇವೆ. ಒಂದೊಂದರಲ್ಲೂ ಎರಡೆರಡು ಇಟ್ಟಿಗೆ ಇಟ್ಟಿದ್ದೇನೆ. ಇನ್ವರ್ಟರನ್ನೂ ಹಾಕಿಸಿದ್ದೇನೆ.